ನೀಲಿ ಬಳಿದ ದಾರಿ

ಇಪ್ಪತ್ತಾರನೆಯ ವಯಸ್ಸಿನಲ್ಲಿ ಸೆವೆರಿನ್ ಮಾಡಿದ್ದ ಅಳತೆಯೊಂದು ನಲವತ್ತೆಂಟನೆಯ ವಯಸ್ಸಿನಲ್ಲಿ ಅವನನ್ನು ಹುಡುಕಿಕೊಂಡು ಬಂತು.

ಅಳತೆ ಮಾಡಿದ್ದು ೧೯೭೬ರ ಬೇಸಿಗೆಯಲ್ಲಿ. ಆಗಷ್ಟೇ ವಾಲ್ಡ್‌ಗ್ರೀಸ್ ಊರಿಗೆ ಬೆಟ್ಟ ಹತ್ತಿಸುವ ಎರಡನೆಯ ಕುರ್ಚಿ ಲಿಫ್ಟ್ ಬಂದಿತ್ತು. ಸ್ಕೀ ಇಳಿಯುವ ಪ್ರತಿ ದಾರಿಗೂ ಒಂದು ಬಣ್ಣ ಗೊತ್ತು ಮಾಡಬೇಕೆಂದು ಸರ್ಕಾರದವರು ಬರೆದಿದ್ದರು. ನೂರು ಮೀಟರ್ ಸಾಗುವಷ್ಟರಲ್ಲಿ ಇಪ್ಪತ್ತೈದು ಮೀಟರಿಗಿಂತ ಹೆಚ್ಚು ಇಳಿಯದಿದ್ದರೆ ನೀಲಿ, ನಲವತ್ತರವರೆಗೆ ಕೆಂಪು, ಅದನ್ನೂ ಮೀರಿದರೆ ಕಪ್ಪು. ಸೆವೆರಿನ್ ಇನ್ಸ್‌ಬ್ರುಕ್‌ನಲ್ಲಿ ಎರಡು ವರ್ಷ ಭೂಮಾಪನ ಓದಿ, ಅಪ್ಪ ರೋಖುಸ್ ಕಾಯಿಲೆ ಬಿದ್ದನೆಂದು ಓದು ಬಿಟ್ಟು ಬಂದಿದ್ದ. ಅಳೆಯುವ ಯಂತ್ರ ಹಿಡಿಯಲು ಬರುತ್ತಿದ್ದವನು ಊರಿನಲ್ಲಿ ಅವನೊಬ್ಬನೇ. ಹಾಗಾಗಿ ಲಿಫ್ಟ್ ಕಂಪನಿಯವರು ಹನ್ನೊಂದು ದಾರಿಗಳನ್ನೂ ಅವನಿಗೇ ಒಪ್ಪಿಸಿದರು.

ಕೊನೆಗೆ ಉಳಿದದ್ದು ಚರ್ಚುದಾರಿ. ಮೇಲಿನ ಕೇರಿಯವರು ಭಾನುವಾರ ಪೂಜೆಗೆ ಇಳಿದು ಬರುತ್ತಿದ್ದ ಹಳೆಯ ಹಾದಿ ಅದು. ಚಳಿಗಾಲದಲ್ಲಿ ಗುಡ್ಡದ ಹುಲ್ಲನ್ನು ಜಾರುಬಂಡಿಗಳಲ್ಲಿ ತರುತ್ತಿದ್ದುದೂ ಅದರಲ್ಲೇ. ಸೆವೆರಿನ್ ಮೂರು ದಿನ ಅಳೆದ. ಸರಾಸರಿ ಇಪ್ಪತ್ನಾಲ್ಕು ಬಂತು. ಅಂದರೆ ನೀಲಿ. ಕಂಪನಿಯವರಿಗೆ ಹಾಲು ಕುಡಿದಷ್ಟು ಸಂತೋಷ. ನಿನ್ನೆ ಮೊನ್ನೆ ಸ್ಕೀ ಕಲಿತವನೂ ಬೆಟ್ಟದ ನೆತ್ತಿಯಿಂದ ಕಾಲಿನ ಸ್ಕೀ ಹಲಗೆ ಕಳಚದೆ ಊರಿನ ಬಾವಿಕಟ್ಟೆಯವರೆಗೆ ಬರಬಹುದು ಎಂದು ಜಾಹೀರಾತಿನ ಮೊದಲ ಪುಟದಲ್ಲೇ ಅಚ್ಚು ಹಾಕಿಸಿದರು.

ರೋಖುಸ್ ಮಾತ್ರ ಹಾಸಿಗೆಯ ಮೇಲಿಂದಲೇ ಕೇಳಿದ್ದ. "ಮರ ಕೊಯ್ಯೋ ಮಿಲ್ಲಿನ ತಿರುವಲ್ಲಿ ಹುಲ್ಲಿನ ಬಂಡಿಗೆ ವೇಗ ತಡೆಯೋಕೆ ನಾವು ಸರಪಳಿ ಕಟ್ತಿದ್ವಿ ಕಣೋ. ಅದನ್ನೂ ಅಳೆದ್ಯಾ?"

"ಬಂಡಿಗೆ ಹಿಡಿತ ಇರ್ಲಿಲ್ಲ ಅಪ್ಪಾ, ಸ್ಕೀಗೆ ಇದೆ" ಎಂದು ಸೆವೆರಿನ್ ನಕ್ಕಿದ್ದ. ದಾರಿಯುದ್ದಕ್ಕೂ ನೆಡಬೇಕಾದ ಅರವತ್ತು ದುಂಡು ಗುರುತುಹಲಗೆಗಳಿಗೆ ಕೊಟ್ಟಿಗೆಯ ಅಟ್ಟದಲ್ಲಿ ಕೂತು ತಾನೇ ನೀಲಿ ಬಳಿದ.

ಊರಿನಲ್ಲಿ ಹೆಸರಾಗಿದ್ದ ದಾರಿ ಬೇರೆ. ಅದು ದೆವ್ವದ ಕೊರಕಲು. ಅದರ ಬಾಯಿಯಲ್ಲಿ ನಲವತ್ತು ಮೀಟರ್ ಉದ್ದಕ್ಕೆ ಗೋಡೆಯಂಥ ಇಳಿಜಾರು. ಸರಾಸರಿ ಎಷ್ಟೇ ಇರಲಿ, ಅಷ್ಟಕ್ಕೇ ಅದಕ್ಕೆ ಕಪ್ಪು ಬಣ್ಣ ಸಿಕ್ಕಿತ್ತು. ಆ ನಲವತ್ತು ಮೀಟರ್ ದಾಟಿದರೆ ಬಡಗಣ ಮಗ್ಗುಲಿನ ಅಗಲವಾದ ಬಟ್ಟಲು, ಏಪ್ರಿಲ್‌ವರೆಗೂ ಕರಗದ ಮೆದು ಹಿಮ. ಊರಿನ ಮಕ್ಕಳು ಒಂಬತ್ತನೇ ವಯಸ್ಸಿಗೇ ಅದರಲ್ಲಿ ಇಳಿಯುತ್ತಿದ್ದರು. ಹೊರಗಿನಿಂದ ಬಂದವರು ಮಾತ್ರ ಬಾಯಿಯಲ್ಲಿ ನಿಂತು ಶಿಲುಬೆಯ ಗುರುತು ಮಾಡಿಕೊಂಡು ಇಳಿದು, ಕೆಳಗೆ ಆಂಬ್ರೋಸ್‌ನ ಮದ್ಯದಂಗಡಿಯಲ್ಲಿ ಕೂತು ಮೂರು ಗಂಟೆ ಆ ಕತೆ ಹೇಳುತ್ತಿದ್ದರು. ಆಂಬ್ರೋಸ್ ಸೆವೆರಿನ್‌ನ ಹೆಂಡತಿ ಬುರ್ಗಿಯ ಅಣ್ಣ. ಹೆದರಿಕೆಯಿಂದ ಎಲ್ಲರೂ ಮೈಯೆಲ್ಲ ಕಣ್ಣಾಗಿ ಇಳಿಯುತ್ತಾರೆ, ಪಾಪ ದೆವ್ವಕ್ಕೇ ಕೆಲಸವಿಲ್ಲ ಎಂದು ಅವನು ತಮಾಷೆ ಮಾಡುತ್ತಿದ್ದ.

ಸೆವೆರಿನ್‌ಗೆ ಕೆಲಸವಿತ್ತು. ಅವನು ಬೆಟ್ಟದ ರಕ್ಷಣಾ ಪಡೆಯ ಮುಖ್ಯಸ್ಥನಾಗಿದ್ದ. ಬಿದ್ದವರನ್ನು ಜಾರುಬಂಡಿಯಲ್ಲಿ ಕಟ್ಟಿ ಕೆಳಗೆ ತರುವುದು ಅವನ ಪಾಲಿನದು. ಪ್ರತಿ ಅಪಘಾತದ ದಿನ, ಹೊತ್ತು, ಜಾಗ, ಮುರಿದ ಎಲುಬು ಎಲ್ಲವನ್ನೂ ರಟ್ಟಿನ ಪುಸ್ತಕವೊಂದರಲ್ಲಿ ಬರೆದಿಡುತ್ತಿದ್ದ. ಹತ್ತು ಹನ್ನೆರಡು ಚಳಿಗಾಲ ಕಳೆಯುವಷ್ಟರಲ್ಲಿ ಒಂದು ಸಂಗತಿ ಅವನಿಗೆ ಕಾಣತೊಡಗಿತು. ಬಂಡಿ ಹೋಗುತ್ತಿದ್ದುದು ಹೆಚ್ಚಾಗಿ ಚರ್ಚುದಾರಿಗೇ. ಮಧ್ಯಾಹ್ನದ ಬಿಸಿಲಿಗೆ ಅಲ್ಲಿನ ಹಿಮ ಕರಗುತ್ತದೆ. ಮೂರು ಗಂಟೆಗೆ ಸೂರ್ಯ ಬೆಟ್ಟದ ಏಣಿನ ಹಿಂದೆ ಸರಿದರೆ ಅದೇ ನೀರು ಗಾಜಾಗುತ್ತದೆ. ಸರಿಯಾಗಿ ಆ ಹೊತ್ತಿಗೆ ದಿನವಿಡೀ ದಣಿದ ಕಾಲುಗಳೆಲ್ಲ ಮನೆಗೆಂದು ಒಟ್ಟಿಗೆ ಇಳಿಯುತ್ತವೆ. ಮಿಲ್ಲಿನ ತಿರುವಿನಲ್ಲಿ ದಾರಿ ಎರಡಾಳು ಅಗಲ. ಸರಾಸರಿಯ ಒಳಗೆ ಆ ತಿರುವು ಅಡಗಿ ಕೂತಿತ್ತು. ಬಣ್ಣ ಬದಲಿಸೋಣವೇ ಎಂದು ಸೆವೆರಿನ್ ಎರಡು ಬಾರಿ ಲಿಫ್ಟ್ ಕಂಪನಿಯ ನಿರ್ದೇಶಕ ತಾಲರ್ ಅವರನ್ನು ಕೇಳಿದ. ಅಳೆದದ್ದು ನೀವೇ ಅಲ್ಲವೇ ಎಂದರು ಅವರು. ಎರಡು ಸಲವೂ ಅವನು ಟೋಪಿ ಕೈಯಲ್ಲಿ ಹಿಡಿದು ಹಾಗೇ ಎದ್ದು ಬಂದ.

೧೯೯೮ರ ಫೆಬ್ರವರಿಯ ಒಂದು ಗುರುವಾರ, ಮೂರೂವರೆಗೆ, ಹಾಲೆಂಡಿನಿಂದ ಬಂದಿದ್ದ ವೌಟರ್ ಎಂಬ ಸೈಕಲ್ ರಿಪೇರಿಯವನು ಆ ತಿರುವಿನಲ್ಲಿ ಹಿಡಿತ ತಪ್ಪಿ ಮರಕ್ಕೆ ಬಡಿದ. ಸ್ಕೀ ಕಲಿಯಲು ಶುರು ಮಾಡಿ ಅವನಿಗೆ ಅದು ಐದನೆಯ ದಿನ. ಸೆವೆರಿನ್ ಮತ್ತು ಅವನ ಜೊತೆಗಾರ ವೆಂಡೆಲಿನ್ ನಾಲ್ಕೇ ನಿಮಿಷದಲ್ಲಿ ಬಂಡಿಯೊಂದಿಗೆ ಅಲ್ಲಿದ್ದರು. ಹೆಲಿಕಾಪ್ಟರ್ ಬರುವವರೆಗೂ ಇಬ್ಬರೂ ಸರದಿಯ ಮೇಲೆ ಅವನ ಎದೆ ಒತ್ತಿದರು. ಉಸಿರು ಮರಳಲಿಲ್ಲ.

ಮರುದಿನ ಬೆಳಿಗ್ಗೆ ಅವನ ಹೆಂಡತಿ ಅನ್ನೆಕೆ ಆ ಜಾಗ ನೋಡಬೇಕೆಂದಳು. ಸೆವೆರಿನ್ ನಡೆಸಿಕೊಂಡು ಹೋದ. ಬೆಟ್ಟದ ಮೇಲೆ ಯಾರಿಗೂ ಬಹುವಚನ ಹಚ್ಚುವ ರೂಢಿ ಆ ಕಡೆ ಇಲ್ಲ. ಆದರೂ ಅವತ್ತು ಅವನ ಬಾಯಲ್ಲಿ 'ನೀವು' ಎಂದೇ ಬಂತು. ಮರದ ಬಳಿ ಅವಳು ಬಹಳ ಹೊತ್ತು ನಿಂತಳು. ಆಮೇಲೆ ದಾರಿಯ ಅಂಚಿನ ನೀಲಿ ಹಲಗೆಯನ್ನು ನೋಡಿದಳು.

"ಅವ್ನು ಹೆದರುಪುಕ್ಲ" ಎಂದಳು. "ಮೇಲ್ಗಡೆ ನಿಂತು ಬಣ್ಣ ನೋಡ್ದ. ನೀಲಿ ಇದೆ, ನಾವೂ ಹೋಗ್ಬಹುದು ಅಂದ. ಈ ಬಣ್ಣ ಯಾರು ಹಾಕೋದು?"

ಸರ್ಕಾರ ಎನ್ನಬಹುದಿತ್ತು, ಕಂಪನಿ ಎನ್ನಬಹುದಿತ್ತು. ಎರಡೂ ಸುಳ್ಳಾಗುತ್ತಿರಲಿಲ್ಲ.

"ನಾನೇ ಹಾಕಿದ್ದು" ಎಂದ ಸೆವೆರಿನ್.

ಅವಳು ತಿರುಗಿ ಅವನ ಮುಖ ನೋಡಿದಳು. "ಇಲ್ಲಿ ಹೀಗಾಗುತ್ತೆ ಅಂತ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು. ಹತ್ತು ವರ್ಷದಿಂದ."

ಬೇಲಿ ಹಿಡಿದುಕೊಂಡು ಒಬ್ಬಳೇ ಇಳಿಯತೊಡಗಿದಳು. ಪಕ್ಕದಲ್ಲಿ ನಡೆಯುವ ಧೈರ್ಯ ಸೆವೆರಿನ್‌ಗೆ ಬರಲಿಲ್ಲ. ಜಾರಿ ಬಿದ್ದಾಳೆಂಬ ಭಯಕ್ಕೆ ಬಿಟ್ಟು ಹೋಗಲೂ ಆಗಲಿಲ್ಲ. ಇಪ್ಪತ್ತು ಹೆಜ್ಜೆ ಹಿಂದೆ ಊರಿನವರೆಗೂ ಬಂದ.

ಎರಡೇ ವಾರದಲ್ಲಿ ವಿಚಾರಣೆ ನಡೆಯಿತು. ದಾರಿ ನಿಯಮಕ್ಕೆ ತಕ್ಕಂತಿದೆ, ಯಾರದೂ ತಪ್ಪಿಲ್ಲ ಎಂದು ತೀರ್ಪಾಯಿತು. ಅದನ್ನು ಕೇಳಿದ ಸೆವೆರಿನ್ ರಟ್ಟಿನ ಪುಸ್ತಕ ಹಿಡಿದು ಮತ್ತೆ ತಾಲರ್ ಅವರ ಮುಂದೆ ಕೂತ. ಇಪ್ಪತ್ತೆರಡು ಚಳಿಗಾಲಗಳಲ್ಲಿ ಚರ್ಚುದಾರಿಯಿಂದ ಇನ್ನೂರ ಹನ್ನೆರಡು ಜನ ಬಂಡಿಯಲ್ಲಿ ಇಳಿದಿದ್ದರು. ದೆವ್ವದ ಕೊರಕಲಿನಿಂದ ಒಂಬತ್ತು.

ತಾಲರ್ ಕೆಟ್ಟವರೇನಲ್ಲ. ಕೊರಕಲಿಗೆ ದಿನಕ್ಕೆ ಐವತ್ತು ಜನ ಹೋದರೆ ಚರ್ಚುದಾರಿಯಲ್ಲಿ ಸಾವಿರ ಜನ ಇಳಿಯುತ್ತಾರೆ, ಹೆಚ್ಚು ಜನ ಇಳಿದ ಕಡೆ ಹೆಚ್ಚು ಜನ ಬೀಳುತ್ತಾರೆ ಎಂದರು. ಮಾತಿನಲ್ಲಿ ನ್ಯಾಯವಿತ್ತು. ಸೆವೆರಿನ್ ಎಣಿಸಿಯೇ ಬಿಡೋಣ ಎಂದುಕೊಂಡ. ಉಳಿದ ಮಾರ್ಚ್ ತಿಂಗಳಿಡೀ ಬುರ್ಗಿ ಕಂಬಳಿ ಹೊದ್ದು ಕೊರಕಲಿನ ಬಾಯಿಯಲ್ಲಿ ಮಣೆ ಹಾಕಿಕೊಂಡು ಕೂತಳು. ಚರ್ಚುದಾರಿಯ ತಲೆಯಲ್ಲಿ ರಕ್ಷಣಾ ಪಡೆಯವರು ಸರದಿಯ ಮೇಲೆ ನಿಂತರು. ಒಬ್ಬರು ಇಳಿದರೆ ಎಡ ಜೇಬಿನ ಒಂದು ಹುರುಳಿಬೀಜ ಬಲ ಜೇಬಿಗೆ. ತಿಂಗಳ ಕೊನೆಗೆ ಹುರುಳಿಬೀಜ ಹೇಳಿದ್ದು ಇಷ್ಟು: ಕೊರಕಲಿನಲ್ಲಿ ದಿನಕ್ಕೆ ಐವತ್ತೇ ಜನ ಹೌದು, ಆದರೆ ಚರ್ಚುದಾರಿಯಲ್ಲಿ ಇನ್ನೂರೈವತ್ತಕ್ಕೆ ಮೇಲಿಲ್ಲ. ಐದು ಪಟ್ಟು ಜನ, ಇಪ್ಪತ್ತಮೂರು ಪಟ್ಟು ಪೆಟ್ಟು.

"ನಿಮ್ಮ ಲೆಕ್ಕ ಒಪ್ತೀನಿ ಸೆವೆರಿನ್" ಎಂದರು ತಾಲರ್. "ಆದ್ರೆ ಅದಕ್ಕೆ ಕೆಂಪು ಹಾಕಿದ್ರೆ ಮಕ್ಕಳು ಮರಿ ಇರೋರು ಪಕ್ಕದ ಕಣಿವೆಗೆ ಹೋಗ್ತಾರೆ. ಊರಿನ ಅರ್ಧ ಮನೆ ಅವರಿಂದಾನೇ ನಡೀತಿರೋದು. ಅವರಿಗೆಲ್ಲ ನೀವು ಹೋಗಿ ಹೇಳ್ತೀರಾ?"

ಬಣ್ಣ ಬದಲಿಸುವ ಅಧಿಕಾರ ಸೆವೆರಿನ್‌ಗಿರಲಿಲ್ಲ. ಅಪಾಯ ಕಂಡಾಗ ದಾರಿ ಮುಚ್ಚುವ ಅಧಿಕಾರವಿತ್ತು. ಮುಂದಿನ ಚಳಿಗಾಲ, ಹಿಮ ಬಿದ್ದ ಮೊದಲ ವಾರದಿಂದಲೇ, ಮಧ್ಯಾಹ್ನ ಎರಡಾಯಿತೆಂದರೆ ಅವನು ಚರ್ಚುದಾರಿಯ ತಲೆಯಲ್ಲಿ ಅಡ್ಡ ಹಗ್ಗ ಕಟ್ಟತೊಡಗಿದ. ಬಂದವರೆಲ್ಲ ಲಿಫ್ಟಿನಲ್ಲೇ ಕೆಳಗಿಳಿಯಬೇಕು. ಒಂದೊಂದು ಗಂಟೆ ಸಾಲು ನಿಂತು ಮಕ್ಕಳು ಚಳಿಗೆ ಅಳುತ್ತಿದ್ದವು. ಆಂಬ್ರೋಸ್‌ನ ಅಂಗಡಿ ಇದ್ದದ್ದು ಆ ದಾರಿಯೂ ಕೊರಕಲೂ ಬಂದು ಕೂಡುವ ಬುಡದಲ್ಲಿ. ಅದರ ಸಂಜೆಯ ಬೆಂಚುಗಳು ಖಾಲಿ ಬಿದ್ದವು.

ಒಂದು ದಿನ ಆಂಬ್ರೋಸ್ ಹಗ್ಗದ ಬಳಿಗೇ ಹತ್ತಿ ಬಂದ. "ಭಾವಾ, ನಿನ್ ಕಣ್ಣಿಗೆ ಸತ್ತೋನು ಕಾಣ್ತಾನೆ" ಎಂದ. "ಬದುಕಿರೋರು ನಾವಿಷ್ಟು ಜನ ಕಾಣಲ್ವಾ?"

ಸೆವೆರಿನ್ ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿದ. ಅಂದಿನಿಂದ ಆಂಬ್ರೋಸ್ ತಂಗಿಯ ಮನೆಯ ಹೊಸಿಲು ತುಳಿಯಲಿಲ್ಲ. ಬುರ್ಗಿಯ ನಾಮದಿನಕ್ಕೆ, ಅಂದರೆ ಅವಳ ಹೆಸರಿನ ಸಂತಳ ಹಬ್ಬಕ್ಕೆ, ಎಂದಿನಂತೆ ಅವಳು ಒಲೆಯ ಮುಂದೆ ನಿಂತು ಹಂದಿಮಾಂಸದ ಉಂಡೆಗಳನ್ನು ಬೇಯಿಸಿದಳು. ಯಾರೂ ಬರಲಿಲ್ಲ. ಗಂಡ ಹೆಂಡತಿ ಮೂರು ದಿನ ಅದನ್ನೇ ತಿಂದರು.

ಈಸ್ಟರ್ ಕಳೆಯುತ್ತಲೇ ಕಂಪನಿ ಅವನನ್ನು ಮುಖ್ಯಸ್ಥನ ಕೆಲಸದಿಂದ ಇಳಿಸಿ, ಕೆಳಗಿನ ಲಿಫ್ಟಿನಲ್ಲಿ ಟಿಕೆಟ್ ನೋಡಲು ಹಾಕಿತು. ಅವನ ಜಾಗಕ್ಕೆ ವೆಂಡೆಲಿನ್ ಬಂದ. ವೆಂಡೆಲಿನ್ ಮಾತು ಕಡಿಮೆಯ ಮನುಷ್ಯ, ಸಂಸಾರ ದೊಡ್ಡದು. ಡಿಸೆಂಬರಿನ ಮೊದಲ ಶನಿವಾರ ಸೆವೆರಿನ್ ಟಿಕೆಟ್ ನೋಡುತ್ತಲೇ ಗಡಿಯಾರವನ್ನೂ ನೋಡಿದ. ಎರಡಾಯಿತು. ಎರಡೂಕಾಲಾಯಿತು. ಕೆಳಗಿಳಿಯುವ ಕುರ್ಚಿಗಳೆಲ್ಲ ಖಾಲಿಯಾಗಿಯೇ ಬರುತ್ತಿದ್ದವು. ಆಯಿತು, ದಾರಿ ತೆರೆದೇ ಬಿಟ್ಟರು ಎಂದುಕೊಂಡ. ಅಷ್ಟರಲ್ಲಿ ಮೇಲಿನ ಕಂಬದ ಬಳಿ, ಮಡಿಲಲ್ಲಿ ಮಕ್ಕಳನ್ನು ಕೂರಿಸಿಕೊಂಡ ಮೊದಲ ಕುರ್ಚಿ ಕಾಣಿಸಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಸೆವೆರಿನ್ ಟಿಕೆಟ್ ಗೂಡಿನೊಳಗೆ ಹೋಗಿ ಮುಖ ಒರೆಸಿಕೊಂಡು ಬಂದ. ದಾರಿ ತೆರೆಯಬೇಕೆಂದರೆ ನೀವೇ ಮೇಲೆ ಬಂದು ಹಗ್ಗ ಬಿಚ್ಚಿ ಎಂದು ವೆಂಡೆಲಿನ್ ತಾಲರ್ ಅವರಿಗೆ ಹೇಳಿದ್ದನಂತೆ. ತಾಲರ್ ಬರಲಿಲ್ಲ. ಈ ವಿಷಯ ಸೆವೆರಿನ್‌ಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ಅದೂ ಬೇರೆಯವರ ಬಾಯಿಂದ.

ಹೀಗೆ ಎರಡು ಚಳಿಗಾಲ ಕಳೆದವು. ಉಪಾಯವೇನೋ ಎಲ್ಲರಿಗೂ ಗೊತ್ತಿತ್ತು. ಮಿಲ್ಲಿನ ಮೇಲುಗಡೆ ಕಾಡಿನೊಳಗಿಂದ ಬಳಸು ದಾರಿಯೊಂದನ್ನು ಕಡಿದರೆ ಆ ತಿರುವೇ ತಪ್ಪುತ್ತದೆ. ಆ ಕಾಡು ಆಂಬ್ರೋಸ್‌ನದು. ಕಂಪನಿಯವರು ಎರಡು ಸಲ ಕೇಳಿದ್ದರು. ಅಜ್ಜ ನೆಟ್ಟ ಮರ ಕಡಿಯಲಾರೆ ಎಂದಿದ್ದ ಅವನು.

ಬುರ್ಗಿ ಯಾರಿಗೂ ಹೇಳದೆ ಒಂದು ಭಾನುವಾರ ಪೂಜೆ ಮುಗಿಸಿ ಅಣ್ಣನ ಅಂಗಡಿಗೆ ಹೋದಳು. ಅವನು ಲೋಟ ಒರೆಸುತ್ತಿದ್ದ; ಕೂತುಕೋ ಎನ್ನಲಿಲ್ಲ. ಅವಳು ತಾನೇ ಕೂತಳು.

"ಆ ಮನುಷ್ಯ ಮೂರು ವರ್ಷದಿಂದ ಸರಿಯಾಗಿ ನಿದ್ದೆ ಮಾಡಿಲ್ಲ ಅಣ್ಣಾ" ಎಂದಳು. "ನಿನ್ ಮರದ ಮೇಲೆ ನಂಗೇನೂ ಕಣ್ಣಿಲ್ಲ. ಒಬ್ಬಳೇ ತಂಗಿ, ಬಂದು ಕೇಳಿದ್ಲು ಅಂತ ನಿಂಗೆ ಗೊತ್ತಿರ್ಲಿ, ಅಷ್ಟೇ."

ಆಂಬ್ರೋಸ್ ಇನ್ನೊಂದು ಲೋಟ ಒರೆಸಿದ. "ದಾರಿ ಎಲ್ಲಿಗೆ ಬಂದು ಮುಟ್ಟುತ್ತೆ?" ಎಂದು ಕೇಳಿದ.

"ನಿನ್ ಅಂಗಡಿ ಬಾಗಿಲಿಗೆ ಬರೋ ಹಾಗೆ ಮಾಡ್ಸಿಕೋ. ಬೇಡ ಅಂದೋರು ಯಾರು?"

೨೦೦೧ರ ಬೇಸಿಗೆಯಲ್ಲಿ ಮರಗಳು ಉರುಳಿದವು. ಗರಗಸದವರ ಜೊತೆ ಆಂಬ್ರೋಸ್ ಕೂಡ ದಿನವಿಡೀ ನಿಂತಿರುತ್ತಿದ್ದ. ಪ್ರತಿ ಮರ ಬೀಳುವಾಗಲೂ ಟೋಪಿ ತೆಗೆಯುತ್ತಿದ್ದನಂತೆ. ಹಳೆಯ ತಿರುವಿನ ಭಾಗಕ್ಕೆ ಕೆಂಪು ಹಲಗೆಗಳು ಬಂದವು. ಸೆವೆರಿನ್ ಅನ್ನೆಕೆಗೆ ಆ ಸುದ್ದಿಯನ್ನು ನಾಲ್ಕು ಸಾಲಿನಲ್ಲಿ ಬರೆದ. ಉತ್ತರ ಬರಲಿಲ್ಲ. ಬರಬೇಕೆಂದು ಅವನು ಕಾದಿರಲೂ ಇಲ್ಲ.

ಹೊಸ ದಾರಿಗೆ ಬಣ್ಣ ಕೊಡುವುದು ಉಳಿದಿತ್ತು. ತಾಲರ್ ನಿವೃತ್ತರಾಗಿದ್ದರು. ಹೊಸದಾಗಿ ಬಂದ ನಿರ್ದೇಶಕಿ ಕಾಗದಗಳನ್ನು ಹಿಡಿದುಕೊಂಡು ಟಿಕೆಟ್ ಗೂಡಿಗೇ ಬಂದಳು. ಸರಾಸರಿ ಹದಿನೆಂಟು, ಕಣ್ಣು ಮುಚ್ಚಿ ನೀಲಿ ಎನ್ನಬಹುದು, ಊರಿನವರಿಗೆ ನಂಬಿಕೆ ಬರಲು ನಿಮ್ಮದೊಂದು ಸಹಿ ಬೇಕು ಎಂದಳು. ಸೆವೆರಿನ್ ಕಾಗದ ತೆಗೆದುಕೊಂಡ, ಸಹಿ ಹಾಕಲಿಲ್ಲ. ಹಿಮ ಬೀಳಲಿ ಎಂದ.

ಹಿಮ ಬಿತ್ತು. ಎರಡು ಬಿಸಿಲು ದಿನ ಕಳೆದು ಅದು ಹೆಪ್ಪುಗಟ್ಟಿದ ಮೇಲೆ ಅವನು ಬುರ್ಗಿಯನ್ನು ಕರೆದ. ಶಾಲೆಯಲ್ಲಿ ಕಲಿತದ್ದು ಬಿಟ್ಟರೆ ಬುರ್ಗಿ ಮದುವೆಯಾದ ಮೇಲೆ ಸ್ಕೀ ಹಲಗೆ ಕಟ್ಟಿದವಳಲ್ಲ. ಊರಿನಲ್ಲಿ ಅವಳಿಗಿಂತ ಕೆಟ್ಟದಾಗಿ ಸ್ಕೀ ಮಾಡುವವರು ಇರಲಿಲ್ಲ. ಮೂರೂವರೆಗೆ, ದಣಿದ ಕಾಲಿನ ಲೆಕ್ಕ ತಪ್ಪದಿರಲೆಂದು ಅದಕ್ಕೆ ಮೊದಲು ಅವಳನ್ನು ಎರಡು ಸಲ ಬೇರೆ ದಾರಿಯಲ್ಲಿ ಇಳಿಸಿ, ಕೊನೆಗೆ ಹೊಸ ದಾರಿಗೆ ತಂದ. ಅವಳು ಮುಂದೆ, ಅವನು ಹಿಂದೆ. ಕಾಡಿನೊಳಗೆ ಒಂದು ಕಡೆ ಅವಳು ಬಿದ್ದಳು. ಕಾಡಿನ ಕೆಳಗಿನ ಹಳ್ಳದ ಸೇತುವೆಗೆ ಮೊದಲು ಇನ್ನೊಮ್ಮೆ ಬಿದ್ದಳು. ಎರಡು ಕಡೆಯೂ ಅವನು ಗೂಟ ನೆಟ್ಟ. ಅವೆರಡು ಜಾಗದ ಇಳಿಜಾರು ತಗ್ಗಿಸುವವರೆಗೆ ಸಹಿ ಇಲ್ಲವೆಂದು ನಿರ್ದೇಶಕಿಗೆ ಹೇಳಿಕಳಿಸಿದ. ಅವಳು ಗೊಣಗಿಕೊಂಡೇ ಯಂತ್ರ ಕಳಿಸಿದಳು.

ವಾರ ಕಳೆದು ಮತ್ತೆ ಅದೇ ಹೊತ್ತಿಗೆ ಇಬ್ಬರೂ ಇಳಿದರು. ಬುರ್ಗಿ ಬೀಳಲಿಲ್ಲ. ಆಂಬ್ರೋಸ್‌ನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಏದುಸಿರು ಬಿಡುತ್ತ ಕೂತಳು. ಸೆವೆರಿನ್ ಜೇಬಿನಿಂದ ಕಾಗದ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಪೆನ್ನು ಹಿಡಿದವನು ಹಾಗೇ ಕೂತುಬಿಟ್ಟ.

"ಇನ್ನೇನು ಯೋಚ್ನೆ?" ಎಂದಳು ಬುರ್ಗಿ.

"ಇನ್ನೂ ಒಂದ್ ಸಲ ಇಳಿದು ನೋಡೋಣ್ವಾ ಅಂತ."

"ನಾನೊಲ್ಲೆ. ನನ್ ಮಂಡಿ ಕಿತ್ತು ಬರ್ತಿದೆ" ಎಂದು ಅವಳು ಹಲಗೆಗಳನ್ನು ಕಳಚಿ ಗೋಡೆಗೆ ಒರಗಿಸಿದಳು. ಆಮೇಲೆ ದನಿ ತಗ್ಗಿಸಿ, "ಇವತ್ತು ಹಾಕು. ನಾಳೆ ಏನಾದ್ರೂ ಕಂಡ್ರೆ ನಾಳೆ ಹೋಗಿ ಹೇಳು. ಈಗ ಹೇಳೋಕೆ ಬರುತ್ತಲ್ಲ ನಿಂಗೆ" ಎಂದಳು.

ಆಂಬ್ರೋಸ್ ಒಳಗಿನಿಂದ ಮೂರು ಸಣ್ಣ ಲೋಟ ಹಿಡಿದು ಬಂದು ಬೆಂಚಿನ ತುದಿಯಲ್ಲಿ ಕೂತ. ಸೆವೆರಿನ್ ನೀಲಿ ಎಂದು ಬರೆದ. ಅದರ ಕೆಳಗೆ, ಯಾವ ನಿಯಮದಲ್ಲೂ ಇಲ್ಲದ ಒಂದು ಸಾಲನ್ನು ಸೇರಿಸಿದ: 'ಮಧ್ಯಾಹ್ನ ಮೂರೂವರೆಗೆ, ಹೆಪ್ಪುಗಟ್ಟಿದ ಹಿಮದಲ್ಲಿ, ಇಳಿದು ನೋಡಿದ್ದು.' ಆಮೇಲೆ ಸಹಿ ಹಾಕಿ, ತಾರೀಖು ಬರೆದು, ಕಾಗದವನ್ನು ಮಡಿಸದೆ ಒಣಗಲು ಬಿಟ್ಟ.