ಅಕ್ಕನ ಅಳತೆ, ತಂಗಿಯ ತೋಳು

ಶಿವಲೀಲಾಳ ಪೆನ್‌ಡ್ರೈವ್‌ನಲ್ಲಿ ವೈರಸ್ ಇರಲಿಲ್ಲ. ಇದೆ ಎಂದು ಇಡೀ ತರಗತಿಯ ಮುಂದೆ ಹೇಳಿದವನು ನಾನು. ಇಲ್ಲವೆಂದು ಆಗಲೇ ಗೊತ್ತಿದ್ದವನೂ ನಾನೇ.

ಇಷ್ಟು ಸಣ್ಣ ಸುಳ್ಳಿಗೆ ಇಷ್ಟು ದೊಡ್ಡ ಪೀಠಿಕೆ ಏಕೆ ಎಂದು ನೀವು ಕೇಳಬಹುದು. 'ಈ ಪ್ರಶ್ನೆ ಪರೀಕ್ಷೆಗೆ ಬಂದೇ ಬರುತ್ತದೆ' ಎಂಬ ಸುಳ್ಳಿನ ಮೇಲೆಯೇ ಮೇಷ್ಟ್ರುಗಿರಿ ನಡೆಯುತ್ತದೆ, ಒಪ್ಪುತ್ತೇನೆ. ಆದರೆ ಈ ಸುಳ್ಳು ಒಬ್ಬ ಹುಡುಗಿಯ ಹೆಗಲ ಮೇಲೆ ಹೋಗಿ ಕೂತಿತು — ಕೂತಿದ್ದು ಏಳಲಿಲ್ಲ.

ನಾನು ಗಣಿತದವನು. ಸಿಂಧನೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿಸಿಎ ಶುರುವಾದಾಗ ಆಡಳಿತ ಮಂಡಳಿಯ ಹಿರಿಯರು ಕರೆದು, "ಈ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಅಂಬೋದು ನೀವ ನೋಡ್ಕೊಳ್ರಿ ಸರ್. ಲೆಕ್ಕ ಬರೋರಿಗೆ ಎಲ್ಲಾ ಬರ್ತೈತಿ" ಅಂದರು. ನನಗೆ ಬರುವುದಿಲ್ಲ ಅನ್ನಬೇಕಿತ್ತು. ಕುರ್ಚಿ ಗಟ್ಟಿಯಾಗುತ್ತಿರುವಾಗ ಹಾಗೆಲ್ಲ ಯಾರು ಅನ್ನುತ್ತಾರೆ? 'ಕ್ಲಾಸ್ ಎಂದರೆ ನಕ್ಷೆ, ಆಬ್ಜೆಕ್ಟ್ ಎಂದರೆ ಆ ನಕ್ಷೆಯಂತೆ ಕಟ್ಟಿದ ಮನೆ' — ಈ ಮಹಾವಾಕ್ಯವನ್ನು ವರ್ಷಗಟ್ಟಲೆ ಡಿಕ್ಟೇಷನ್ ಕೊಟ್ಟೆ. ನಾನು ಸ್ವತಃ ಒಂದು ಗುಡಿಸಲನ್ನೂ ಕಟ್ಟಿರಲಿಲ್ಲ.

ಕೊನೆಯ ವರ್ಷ ಹುಡುಗರು ಒಂದು ಡೆಸ್ಕ್‌ಟಾಪ್ ಅಪ್ಲಿಕೇಶನ್ ಮಾಡಿ ತೋರಿಸಬೇಕು. ಮಾಡುವವರು ಯಾರು? ಲಿಂಗಸುಗೂರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ರೆಡಿಮೇಡ್ ಪ್ರಾಜೆಕ್ಟ್ ಸಿಗುತ್ತಿತ್ತು. ಮೊದಲ ಪುಟದಲ್ಲಿ ಹೆಸರು ಬದಲಿಸಿ, ಬೈಂಡ್ ಹಾಕಿಯೇ ಕೊಡುತ್ತಿದ್ದರು. ಎಲ್ಲರದೂ ಗ್ರಂಥಾಲಯ ನಿರ್ವಹಣೆ. ನಮ್ಮ ಕಾಲೇಜಿನ ಗ್ರಂಥಾಲಯ ಎಂದರೆ ಒಂದು ಬೀರು, ಅದರ ಕೀಲಿ ಕಳೆದು ಯಾವ ಕಾಲವಾಗಿತ್ತೋ. ಆ ಬೀರುವನ್ನು ನಿರ್ವಹಿಸಲು ಪ್ರತಿವರ್ಷ ಒಂದು ತರಗತಿಯಷ್ಟು ತಂತ್ರಾಂಶ ಸಿದ್ಧವಾಗುತ್ತಿತ್ತು. ನಾನು ಗಂಭೀರವಾಗಿ ಸಹಿ ಹಾಕುತ್ತಿದ್ದೆ.

ಸ್ವಂತ ಬರೆದವಳು ಶಿವಲೀಲಾ ಒಬ್ಬಳೇ. ದಿನವೂ ಮಸ್ಕಿಯಿಂದ ಬಸ್ಸಿಗೆ ಬರುವವಳು. ತಾಯಿ ಅಮರಮ್ಮ ಮನೆಯ ಪಡಸಾಲೆಯಲ್ಲೇ ಮಷೀನ್ ಇಟ್ಟುಕೊಂಡು ಓಣಿಯ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದಳು. ಮಗಳು ಆ ಅಳತೆಗಳನ್ನೆಲ್ಲ ಇಟ್ಟುಕೊಳ್ಳುವ ಅಪ್ಲಿಕೇಶನ್ ಮಾಡಿದಳು — ಹೆಸರು ಒತ್ತಿದರೆ ಎದೆ, ಸೊಂಟ, ತೋಳು ಪರದೆಯ ಮೇಲೆ ಬರಬೇಕು. ಒಂದು ದಿನ ಲ್ಯಾಬಿನಲ್ಲಿ ಎದ್ದು ನಿಂತಳು.

"ಸರ್, ಅಕ್ಕ-ತಂಗಿ ಬಂದ್ರ ನಮ್ಮವ್ವ ಅಕ್ಕನ ಅಳತೀನ ತಂಗಿಗೂ ಹಿಡದು, ತೋಳು ಅಷ್ಟ ಅರ್ಧ ಇಂಚು ಕಮ್ಮಿ ಮಾಡ್ತಾಳ್ರಿ. ನಾನೂ ಹಂಗ ಬರದೀನಿ. ಆದ್ರ ತಂಗಿ ತೋಳು ತಿದ್ದಿದ್ರ ಅಕ್ಕಂದೂ ಕಮ್ಮಿ ಆಗಾಕತ್ತೈತ್ರಿ. ಯಾಕ್ರಿ?"

"ಅಕ್ಕಗ ಗಾಳಿ ಬಡದೈತಿ!" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. ಎಲ್ಲರೂ ನಕ್ಕರು. ನಾಳೆ ನೋಡೋಣ ಅಂದೆ.

ಸಂಜೆ ಲ್ಯಾಬಿನಲ್ಲಿ ಅವಳು ಕೂರುವ ಕಂಪ್ಯೂಟರಿನ ಮುಂದೆ ಕೂತು, ಅವಳು ಬಿಟ್ಟುಹೋಗಿದ್ದ ಪೆನ್‌ಡ್ರೈವ್ ಹಾಕಿ ನೋಡಿದೆ. ಅವಳು ಬರೆದ ಒಂದೊಂದು ಸಾಲೂ ನನಗೆ ಹೊಸದು. ಏನೂ ತೋಚದೆ ವೈರಸ್ ಸ್ಕ್ಯಾನ್ ಹಚ್ಚಿದೆ. ಕೆಲಸ ತಿಳಿಯದವರೆಲ್ಲ ಮಾಡುವುದು ಅದನ್ನೇ. ಏನೂ ಸಿಗಲಿಲ್ಲ. ಶುದ್ಧವಾಗಿದ್ದವು, ಯಂತ್ರ, ಪೆನ್‌ಡ್ರೈವ್ ಎರಡೂ. ಮರುದಿನ ಅವಳು ಮತ್ತೆ ಎದ್ದು ನಿಂತಾಗ —

"ನಿನ್ನ ಪೆನ್‌ಡ್ರೈವ್‌ನಾಗ ವೈರಸ್ ಐತಿ. ಕಾಲೇಜಿನ ಮಷೀನ್ ಕೆಡಿಸಿಟ್ಟಿ."

ಅಷ್ಟಕ್ಕೇ ನಿಲ್ಲಿಸಿದ್ದರೆ — ಇಲ್ಲ, ನಿಲ್ಲಿಸಲಿಲ್ಲ. ಹೇಳಿದ ಮಾತಿಗೆ ತಕ್ಕಂತೆ ಶುದ್ಧಿಕಾರ್ಯವೂ ನಡೆಯಬೇಕಲ್ಲ? ಎಲ್ಲರೆದುರೇ ಕಂಪ್ಯೂಟರನ್ನೂ ಪೆನ್‌ಡ್ರೈವನ್ನೂ ಫಾರ್ಮ್ಯಾಟ್ ಮಾಡಿದೆ. ಅವಳು ಬರೆದದ್ದು ಆ ಎರಡೇ ಕಡೆ ಇತ್ತು. ಅದು ನನಗೆ ಗೊತ್ತಿತ್ತೇ? ಗೊತ್ತಿತ್ತು. ಬರೆದದ್ದೇ ಇರದಿದ್ದರೆ ಪ್ರಶ್ನೆಯೂ ಇರುವುದಿಲ್ಲ — ಆ ಹೊತ್ತು ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ಅವಳಿಗೆ 'ವೈರಸ್' ಎಂದೇ ಹೆಸರು ಬಿತ್ತು. "ಏ ವೈರಸ್, ದೂರ ಕುಂದ್ರಬೇ" ಅನ್ನುವುದು ನನ್ನ ಕಿವಿಗೂ ಬೀಳುತ್ತಿತ್ತು. ನಾನು ಬೋರ್ಡಿನ ಕಡೆ ತಿರುಗುತ್ತಿದ್ದೆ. ಅದೇ ವಾರ ಅಮರಮ್ಮ ಕೆಲಸ ಬಿಟ್ಟು ಸಿಂಧನೂರಿಗೆ ಬಂದಳು. ಸ್ಟಾಫ್ ರೂಮಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈಮುಗಿದು ನಿಂತಳು.

"ಹುಡುಗಿ ತಪ್ಪ ಮಾಡ್ಯಾಳ್ರಿ ಸರ್. ಹೊರಗ ಹಾಕಬ್ಯಾಡ್ರಿ."

"ಇರ್ಲಿ ಬಿಡವ್ವ. ಕ್ಷಮಿಸೀನಿ" ಅಂದೆ.

ಹೌದು, ಕ್ಷಮಿಸಿದೆ. ಕೂತಲ್ಲಿಂದ ಏಳದೆ, ಕೈಯಲ್ಲಿದ್ದ ಚಹಾದ ಕಪ್ಪನ್ನೂ ಕೆಳಗಿಡದೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.

ಶಿವಲೀಲಾ ಲಿಂಗಸುಗೂರಿನ ಗ್ರಂಥಾಲಯವನ್ನು ತಂದು ಒಪ್ಪಿಸಿದಳು; ಸಹಿ ಹಾಕಿದೆ. ಎಂಸಿಎ ಓದುತ್ತೇನೆ ಅನ್ನುತ್ತಿದ್ದವಳು ಓದಲಿಲ್ಲ. ಒಂದು ಕಚೇರಿಯಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದಳೆಂದು ಆಮೇಲೆ ಕೇಳಿದೆ.

ನಿವೃತ್ತನಾದ ಮೇಲೆ, ಇಷ್ಟು ವರ್ಷ ಕಲಿಸಿದ್ದನ್ನು ಒಮ್ಮೆ ಕಲಿತೇಬಿಡೋಣ ಎಂಬ ಹುಚ್ಚು ಹಿಡಿಯಿತು. ನಮ್ಮ ಓಣಿಗೆ ನಲ್ಲಿ ನೀರು ಪಾಳಿಯ ಮೇಲೆ ಬರುತ್ತದೆ. ಆ ಪಾಳಿ ತೋರಿಸುವ ಸಣ್ಣ ಅಪ್ಲಿಕೇಶನ್ ಮಾಡಲು ಕೂತೆ. ನನ್ನ ಪಾಡು ಏನೆಂದು ಹೇಳಲಿ? ಬಟನ್ ಒತ್ತಿದರೆ ಕಿಟಕಿಯೇ ಮಾಯ. ಒಂದು ತಪ್ಪು ತಿದ್ದಿದರೆ ಅದರ ನಾಲ್ಕು ಮರಿಗಳು ಮುಂದೆ ಬಂದು ನಿಲ್ಲುತ್ತವೆ. ವಿಡಿಯೊದಲ್ಲಿ ಪಾಠ ಹೇಳುವವನು 'ತುಂಬಾ ಸರಳ' ಅಂದಾಗಲೆಲ್ಲ ಅವನ ಕಪಾಳಕ್ಕೆ ಬಾರಿಸಬೇಕೆನಿಸುತ್ತಿತ್ತು. ಹೆಂಡತಿ, "ಆ ಡಬ್ಬಿಗೆ ಬೈಕೊಂತ ಕುಂದ್ರೋದಕ್ಕಿಂತ ಹೋಗಿ ಕೊಡ ಹಚ್ಚಬಾರದೇನ್ರಿ?" ಅಂದಳು. ಕೊನೆಗೊಂದು ದಿನ ನಮ್ಮ ಪಾಳಿಯನ್ನೇ ಹಿಂದಿನ ಮನೆಯವರಿಗೂ ಹಿಡಿದು, ಅವರದನ್ನಷ್ಟೇ ತಿದ್ದಿದೆ — ನಮ್ಮ ಮನೆಯದೂ ಬದಲಾಯಿತು.

ತಂಗಿಯ ತೋಳು ತಿದ್ದಿದರೆ ಅಕ್ಕನದೂ ಕಮ್ಮಿ — ಶಿವಲೀಲಾ ಕೇಳಿದ್ದು ಇದನ್ನೇ.

ಕಾರಣ ಒಂದೇ ಸಾಲು. ಒಂದು ಆಬ್ಜೆಕ್ಟನ್ನು ಇನ್ನೊಂದು ಹೆಸರಿಗೆ ಸಮ ಎಂದು ಬರೆದುಬಿಟ್ಟರೆ ಹೊಸ ಆಬ್ಜೆಕ್ಟ್ ಹುಟ್ಟುವುದಿಲ್ಲ. ಇದ್ದದ್ದಕ್ಕೇ ಎರಡನೇ ಹೆಸರು ಬೀಳುತ್ತದೆ. ಒಬ್ಬನೇ ಹುಡುಗ ಶಾಲೆಯಲ್ಲಿ ಅಮರೇಶ, ಮನೆಯಲ್ಲಿ ಅಮರ್ಯಾ ಆದಂತೆ. ಯಾರಿಗೆ ಹೊಡೆದರೂ ಅಳುವವನು ಒಬ್ಬನೇ. ತಂಗಿಗೆ ಬೇರೆ ಆಬ್ಜೆಕ್ಟ್ ಮಾಡಿ, ಅಕ್ಕನ ಅಳತೆಯನ್ನು ಅದರೊಳಗೆ ತುಂಬಿದ್ದರೆ ಮುಗಿದಿತ್ತು. 'ಗೊತ್ತಿಲ್ಲ ಲೀಲಾ, ಕೂಡಿ ಹುಡುಕೋಣ' ಅಂದಿದ್ದರೂ ಸಾಕಿತ್ತು. ಅವಳೇ ಹುಡುಕುತ್ತಿದ್ದಳು.

ಹೋದ ಭಾನುವಾರ ಮಸ್ಕಿಗೆ ಹೋದೆ. ಪಡಸಾಲೆಯಲ್ಲಿ ಅಮರಮ್ಮ ಹೊಲಿಯುತ್ತಿದ್ದಳು. ಶಿವಲೀಲಾ ಪಕ್ಕದಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳು. ನಿಂತುಕೊಂಡೇ ಹೇಳಲು ಶುರು ಮಾಡಿದೆ. ಶಿವಲೀಲಾ ನಡುವೆಯೇ ತಡೆದಳು.

"ವೈರಸ್ ಇಲ್ಲಂತ ನನಗ ಅವತ್ತ ಗೊತ್ತಿತ್ರಿ ಸರ್. ಕಚೇರ್ಯಾಗ ಈಗೂ ಮಷೀನ್ ನಿಂತ್ರ 'ನಾ ಏನೂ ಮುಟ್ಟಿಲ್ರಿ' ಅಂತ ನಾನ ಮೊದಲ ಹೇಳ್ತೀನಿ. ನನಗ ಹೇಳಬ್ಯಾಡ್ರಿ. ಅವ್ವಗ ಹೇಳ್ರಿ."

ಅವ್ವನಿಗೆ ಹೇಳಿದೆ. ಸ್ಕ್ಯಾನ್ ಮಾಡಿದ್ದು, ಏನೂ ಸಿಗದದ್ದು, ಬೇಕೆಂದೇ ಅಳಿಸಿದ್ದು — ಎಲ್ಲ. ಹೊಲಿಗೆಯ ಮಷೀನ್ ನಿಂತಿತು. ಅಮರಮ್ಮ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿ ಎಂದೇ ಹೋಗಿದ್ದೆ. ಆಕೆ ನನ್ನ ಕಡೆ ನೋಡಲೂ ಇಲ್ಲ. ಮಗಳ ಕಡೆ ತಿರುಗಿದಳು.

"ನಂದೇನೂ ತಪ್ಪಿಲ್ಲಬೇ ಅಂದಿದ್ದಿ ನೀ. ಮಾಸ್ತರು ಸುಳ್ಳ ಹೇಳ್ತಾರೇನಂತ ನಾ ನಿನ್ನ ಹೊಡದೆ. ಮುಂದ ಓದೋದು ಬ್ಯಾಡಂತನೂ ನಾನ ಅಂದೆ..."

"ಹೋಗ್ಲಿ ಬಿಡಬೇ ಅವ್ವ."

"ಹೆಂಗ ಬಿಡ್ಲಿ ಲೀಲಾ?"

ಹೊಡೆದದ್ದು ನನಗೆ ಗೊತ್ತಿರಲಿಲ್ಲ. ಓದು ಬಿಡಿಸಿದ್ದು ಯಾರೆಂದೂ ಗೊತ್ತಿರಲಿಲ್ಲ. ಕೂಡ್ರಿ ಎಂದಾಗಲಿ ಹೋಗ್ರಿ ಎಂದಾಗಲಿ ನನಗೆ ಯಾರೂ ಅನ್ನಲಿಲ್ಲ. ಹಗುರಾಗಲು ಹೋದವನು ನಾನು. ಆ ತಾಯಿಗೆ ಆ ಭಾರ ಅವತ್ತು ಹೊಸದಾಗಿ ಶುರುವಾಯಿತು.

'ವೈರಸ್' ಎಂದು ಕೂಗಿದವರು ಇಂದು ಊರೂರಲ್ಲಿ ಇದ್ದೀರಿ. ನಿಮ್ಮೆಲ್ಲರ ಮುಂದೆ ಹೇಳಿದ ಸುಳ್ಳನ್ನು ನಿಮ್ಮೆಲ್ಲರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಇದನ್ನು ಬರೆದೆ. ಇದರಿಂದ ಸರಿಹೋಗುವುದು ಏನೂ ಇಲ್ಲ, ಗೊತ್ತು. ನಾನು ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಾಗ ಒಳಗೆ ಅಮರಮ್ಮ ಅಳುತ್ತಿದ್ದಳು. ಶಿವಲೀಲಾ ಆಕೆಯನ್ನು ಸಮಾಧಾನ ಮಾಡುತ್ತಿದ್ದಳು — ಆ ಕೆಲಸವೂ ಅವಳ ಪಾಲಿಗೇ ಬಂತು.