ಹನ್ನೊಂದು ಒಂದುಗಳು

ಧಾರವಾಡದ ಮಾಳಮಡ್ಡಿಯಲ್ಲಿ ಮಂದಾಕಿನಿಬಾಯಿ ಎಂದರೆ ಲೆಕ್ಕದ ಟೀಚರು, ಕಡಕ್ ಹೆಂಗಸು. ಅವಳಿಗೊಂದು ಹಟವಿತ್ತು: ಹನ್ನೊಂದು ಒಂದುಗಳನ್ನು ಸಾಲಾಗಿ ಬರೆದರೆ ಆಗುವ ಸಂಖ್ಯೆ, 11111111111, ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗುವುದಿಲ್ಲ ಎಂದು ತೋರಿಸಬೇಕು. ಸಿಕ್ಕ ಸಿಕ್ಕದ್ದರಿಂದೆಲ್ಲ ಭಾಗಿಸಬೇಕಿರಲಿಲ್ಲ. ಅದನ್ನು ಒಡೆಯುವ ಅವಿಭಾಜ್ಯ ಸಂಖ್ಯೆ ಇದ್ದರೆ, ಆ ಅವಿಭಾಜ್ಯವನ್ನು ಇಪ್ಪತ್ತೆರಡರಿಂದ ಭಾಗಿಸಿದಾಗ ಒಂದೇ ಶೇಷ ಉಳಿಯಬೇಕು. ಇಷ್ಟನ್ನು ಅವಳು ಸ್ವಂತ ಬುದ್ಧಿಯಿಂದ ಕಂಡುಕೊಂಡಿದ್ದಳು. ಹೀಗೆ ಇಪ್ಪತ್ಮೂರು, ಅರವತ್ತೇಳು, ಎಂಬತ್ತೊಂಬತ್ತು ಎಂದು ಪಡಸಾಲೆಯ ಕರಿಗಲ್ಲಿನ ನೆಲದ ಮೇಲೆ ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ಗೀಚುತ್ತ ಹೋದಳು. ಬೇರೆ ಊರಲ್ಲಿ ಯಾರಿಗಾದರೂ ಉತ್ತರ ಗೊತ್ತಿದೆಯೋ ಎಂದು ಕೇಳಲಿಲ್ಲ. ಕೇಳುವುದು ಅವಳಿಗೆ ಸೋಲು.

ಸಾವಿರದ ಒಂಬೈನೂರಾ ಅರವತ್ತೊಂದರಲ್ಲಿ ಮೈದುನನ ಹೆಂಡತಿಯಾಗಿ ಹುಬ್ಬಳ್ಳಿಯಿಂದ ಸುಹಾಸಿನಿ ಬಂದಳು. ಬಿ.ಎಸ್ಸಿ. ಪಾಸಾದವಳು. ಬಂದ ವಾರದಲ್ಲೇ ಕಲ್ಲಿನ ಮೇಲಿದ್ದ ಲೆಕ್ಕವನ್ನೆಲ್ಲ ನೀರು ಹಾಕಿ ತೊಳೆದುಬಿಟ್ಟಳು.

"ನೆಲಾ ಹೊಲಸಾಗಿತ್ತು ವೈನಿ" ಎಂದಳು ಹಿರಿಯ ವಾರಗಿತ್ತಿಗೆ.

"ಕಣ್ಣು ಹೊಲಸಾಗ್ಯಾವ ನಿನ್ನವು" ಎಂದಳು ಮಂದಾಕಿನಿ.

ಸೇಡು ತೀರಿಸಲು ಬಹಳ ದಿನ ಕಾಯಬೇಕಾಗಲಿಲ್ಲ. ಸುಹಾಸಿನಿ ಶಿಕ್ಷಕಿಯ ತರಬೇತಿಗೆ ಹೋಗುತ್ತೇನೆಂದು ಮಾವ ಪಂಢರಿನಾಥರಾಯರನ್ನು ಕೇಳಿದಾಗ, ಮಂದಾಕಿನಿ ಒಳಗಿನಿಂದಲೇ ಹೇಳಿದಳು: "ಒಂದು ಮನ್ಯಾಗ ಒಬ್ಬಾಕಿ ಹೊರಗ ದುಡದ್ರ ಸಾಕರಿ. ಅಡಗಿ ಯಾರು ಮಾಡಬೇಕು?" ರಾಯರು ತಲೆಯಾಡಿಸಿದರು. ಆ ಮಾತು ಅಲ್ಲಿಗೆ ಮುಗಿಯಿತು.

ಸುಹಾಸಿನಿ ಅಳಲಿಲ್ಲ. ವೈನಿ ಶಾಲೆಗೆ ಹೋದ ಮೇಲೆ ಅದೇ ಕಲ್ಲಿನ ಮೇಲೆ ಕೂತು ತಾನೂ ಏನೋ ಲೆಕ್ಕ ಬರೆದು, ಸಂಜೆಯೊಳಗೆ ಅದನ್ನು ಒರೆಸಿಬಿಡುತ್ತಿದ್ದಳು. ಮಂದಾಕಿನಿ ಮಾತ್ರ ಊಟದ ಹೊತ್ತಿಗೆ ಮಾವನ ಮುಂದೆ ಬೀಗುತ್ತಿದ್ದಳು: "ಮೂವತ್ತು ಸಾವಿರ ದಾಟೀನ್ರಿ. ಒಂದೂ ಹತ್ತಲಿಲ್ಲ."

ಎರಡು ವರ್ಷದ ಮೇಲೆ ಒಂದು ರವಿವಾರ, ಹುಳಿ ಬಡಿಸುತ್ತಲೇ ಸುಹಾಸಿನಿ ಎಂದಳು: "ಇಪ್ಪತ್ತೊಂದು ಸಾವಿರದ ಆರನೂರಾ ನಲವತ್ತೊಂಬತ್ತು."

"ಅದನ್ನ ನೋಡೀನಿ. ಹೋಗೂದಿಲ್ಲ."

"ಹೋಗತದ. ಕಳಿಯೂದ್ರಾಗ ತಪ್ಪೀರಿ. ನಾ ಉತ್ತರಾ ಹುಡಕಲಿಲ್ಲ ವೈನಿ. ನೀವು ಎಲ್ಲಿ ಎಡವತೀರಿ ಅಂತ ನೋಡಲಿಕ್ಕೆ ನಿಮ್ಮ ಹಿಂದ ಹಿಂದ ಬಂದೆ."

"ಊಟದ ಹೊತ್ತಿನ್ಯಾಗ ಇದೇನು?" ಎಂದು ರಾಯರು ಗದರಿದರು.

ಮಂದಾಕಿನಿ ಎಂಜಲು ಕೈ ತೊಳೆದು ಕಲ್ಲಿನ ಬಳಿ ಹೋದಳು. ಭಾಗಿಸಿದಳು. ಐದು ಲಕ್ಷ ಹದಿಮೂರು ಸಾವಿರದ ಎರಡುನೂರಾ ಮೂವತ್ತೊಂಬತ್ತು ಬಂತು, ಕೆಳಗೆ ಸೊನ್ನೆ. ಆ ದೊಡ್ಡ ತುಂಡಾದರೂ ಒಡೆಯುತ್ತದೆಯೇ ಎಂದು ನೋಡಹೊರಟು ಖಡು ಕೆಳಗಿಟ್ಟಳು. ಅದನ್ನು ಒಡೆಯುವುದು ಹನ್ನೊಂದು ಒಂದುಗಳನ್ನೂ ಒಡೆಯಬೇಕು; ಅಂಥ ಸಣ್ಣ ಸಂಖ್ಯೆಗಳನ್ನೆಲ್ಲ ಮೊದಲ ತಿಂಗಳಲ್ಲೇ ನೋಡಿ ಬಿಟ್ಟಿದ್ದಳು, ಒಂದೂ ಹತ್ತಿರಲಿಲ್ಲ. ಅವಳಿಗೆಂದು ಇನ್ನು ಏನೂ ಉಳಿದಿರಲಿಲ್ಲ.

"ಖರೇ ಅದೇನ್ರಿ?" ಬಾಗಿಲಲ್ಲಿ ನಿಂತು ಸುಹಾಸಿನಿ ಕೇಳಿದಳು.

"ನೀರು ತಂದು ತೊಳಿ" ಎಂದಳು ಮಂದಾಕಿನಿ.

"ನೀವಽ ತೊಳ್ಕೋರಿ."

ಮುಂದಿನ ತಿಂಗಳು ಸುಹಾಸಿನಿ ಗಂಡನೊಂದಿಗೆ ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದಳು; ಮುಂದೆ ತರಬೇತಿ ಮುಗಿಸಿ ಲೆಕ್ಕದ ಶಿಕ್ಷಕಿಯಾದಳು. ಶಿಕ್ಷಕರ ಸಭೆಗಳಲ್ಲಿ ಇಬ್ಬರೂ ಎದುರಾಗುತ್ತಿದ್ದರು. ಹೊಸಬರು ಯಾರಾದರೂ ಸುಹಾಸಿನಿಯನ್ನು ತೋರಿಸಿ "ಅವರು ನಿಮ್ಮ ಮನೆಯವರಲ್ಲೇನ್ರಿ?" ಎಂದು ಕೇಳಿದರೆ, ಮಂದಾಕಿನಿ ಮುಖ ತಿರುಗಿಸಿ "ಇದ್ದಾರು, ಯಾರಿಗೊತ್ತು" ಎನ್ನುತ್ತಿದ್ದಳು.