ಮಾಲೀಕನಿಗೂ ಪಾಳಿ

ಬ್ರಿಟನ್ನಿನಲ್ಲಿ ನನ್ನದೊಂದು ಸಣ್ಣ ಬೇಕರಿ ಇದೆ. ಅಲ್ಲಿನ ಸರ್ಕಾರ ಸಿಕ್ಕಾಪಟ್ಟೆ ಖರ್ಚು ಮಾಡಿ, ಆ ಭಾರವನ್ನು ಕೆಲಸ ಕೊಡುವವರ ತಲೆಗೆ ಕಟ್ಟುತ್ತದೆ ಎಂಬ ಸಿಟ್ಟಿಗೆ ಸದಾ ಕನ್ಸರ್ವೇಟಿವ್ ಪಕ್ಷಕ್ಕೇ ವೋಟು ಹಾಕುವವನು ನಾನು. ಈ ಸಲ ತೆರಿಗೆ ಏರಿದ್ದರಿಂದ ಇಬ್ಬರು ಕೆಲಸಗಾರರನ್ನು ಬಿಡಿಸುವುದೆಂದು ತೀರ್ಮಾನಿಸಿಯೇ ಕರ್ನಾಟಕಕ್ಕೆ ಪ್ರವಾಸ ಹೊರಟಿದ್ದೆ.

ಹರಿಹರದ ಬಸ್ಸು ಹಿಡಿಯುವ ಮೊದಲು, ಮಳೆ ನಿಲ್ಲಲೆಂದು ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರ ಜಗಲಿಯಲ್ಲಿ ಕೂತೆ. ಮಾಲೀಕ ರಶೀದ್ ಸಾಹೇಬರಿಗೆ ಇದನ್ನೆಲ್ಲ ಹೇಳಿದೆ.

“ಮಳೆಗಾಲದಾಗ ಅಕ್ಕಿ ಒಣಗಲ್ಲ, ನಮ್ದೂ ಅರ್ಧ ಕೆಲ್ಸ ನಿಂತೋಗ್ತೈತ್ರಿ,” ಅಂದರು. “ಆದ್ರೆ ಯಾರ್ನೂ ಬಿಡ್ಸಲ್ಲ. ಪಾಳಿ ಹಚ್ತೀವಿ. ದಿನಕ್ಕೊಬ್ರು ಕೂಲಿ ಇಲ್ದೆ ಕೂಡ್ತಾರೆ.”

ಸರ್ಕಾರ ಏನಾದರೂ ಕೊಡುತ್ತದೆಯೇ ಎಂದು ಕೇಳಿದೆ.

“ಅದ್ಯಾಕ್ರಿ ಬೇಕು? ಇವತ್ತು ಕೂಡೋ ಪಾಳಿ ನಂದು. ಅದಕ್ಕೇ ನಿಮ್ಜೊತೆ ಮಾತಾಡಾಕ ಪುರುಸೊತ್ತೈತೆ.”

ಒಳಗೆ ಅವರ ಆಳುಗಳು ಉರಿ ನೋಡಿಕೊಳ್ಳುತ್ತಿದ್ದರು. ಸರ್ಕಾರದ ಕೈ ಕಾಯದೆ ಬದುಕಬೇಕು ಎಂಬ ಮಾತಿಗೆ ನಮ್ಮ ಪಕ್ಷದ ಸಭೆಗಳಲ್ಲಿ ಎಷ್ಟೋ ಸಲ ಚಪ್ಪಾಳೆ ತಟ್ಟಿದ್ದೇನೆ. ಆ ಮಾತಿನ ಉಳಿದರ್ಧ ನನಗೆ ಈ ಜಗಲಿಯಲ್ಲಿ ಸಿಕ್ಕಿತು.

ಹೊರಡುವಾಗ ಬಿಸಿ ಮಂಡಕ್ಕಿಯ ಪೊಟ್ಟಣ ಕೈಗಿಟ್ಟರು; ದುಡ್ಡು ಮುಟ್ಟಲಿಲ್ಲ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಬೇಕರಿ ನೋಡಿಕೊಳ್ಳುತ್ತಿದ್ದ ಹೆಂಡತಿಗೆ ಫೋನ್ ಮಾಡಿದೆ.

“ಯಾರನ್ನೂ ಬಿಡಿಸೋದು ಬೇಡ. ಪಾಳಿ ಮಾಡೋಣ. ಸಂಬಳ ಇಲ್ಲದ ಮೊದಲ ದಿನ ನನ್ನದು.”